ಲಿಫ್ಟಿಲ್ಲದ ಬೆಟ್ಟದ ಮೇಲೆ ಅತ್ತೆಯವರ ವ್ಯಾಜ್ಯ

ನಮ್ಮ ಅತ್ತೆಯವರು ಪ್ರತಿ ಚಳಿಗಾಲ ಧಾರವಾಡದಿಂದ ವಿಸಿಟ್ ವೀಸಾದ ಮೇಲೆ ಗಲ್ಫಿಗೆ ಬರುತ್ತಾರೆ. ಬಂದವರು ನೇರವಾಗಿ ಮರಳುಗಾಡಿನ ನಡುವಿನ ಮದೀನತ್ ಜಾಯೆದ್‌ನ ಮಗನ ಮನೆಗೆ ಹೋಗಿ ಅಲ್ಲೇ ಇರುತ್ತಾರೆ. ದುಬೈನ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿಗೆ ಒಂದು ವಾರಾಂತ್ಯ ಬಂದು, ಸೋಫಾದ ತುದಿಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕೂತು, ಚಹಾ ಕುಡಿದು ಹೊರಟುಬಿಡುತ್ತಾರೆ. ಮಗಳ ಮನೆಯಲ್ಲಿ ತಾಯಿ ತಳವೂರಬಾರದು ಎಂಬುದು ಅವರ ಕಡೆಯ ಶಾಸನ. ಅದನ್ನು ಯಾವ ಕಲ್ಲಿನ ಮೇಲೆ ಕೆತ್ತಿದ್ದಾರೋ ನಾನು ಕಂಡಿಲ್ಲ. ಸಮುದ್ರ ದಾಟಿದರೂ ಒಂದಕ್ಷರ ಸವೆದಿಲ್ಲವೆಂಬುದನ್ನು ಮಾತ್ರ ಕಂಡಿದ್ದೇನೆ.

“ಮಗಳ ಮನಿಯಾಗ ತಿಂಗಳಗಟ್ಲೆ ಕುಂತ್ರ ಮಂದಿ ಏನಂದಾರು?” ಎನ್ನುತ್ತಾರೆ ಅತ್ತೆ.

“ಅವ್ವಾ, ಅಲ್ ಕುಸೈಸಿನಾಗ ಮಂದಿ ಅಂದ್ರ ಹೋಟೆಲಿನ್ಯಾಗ ಸಿಗೂ ಅರಬ್ಬರ ಅನ್ನ. ಅದು ಏನೂ ಅನ್ನಂಗಿಲ್ಲ,” ಎನ್ನುತ್ತಾಳೆ ನನ್ನ ಹೆಂಡತಿ.

ಹಾಗೆ ನಗಿಸಿ ಕಳಿಸಿದವಳು ಒಮ್ಮೆ ಅಡುಗೆಮನೆಯಲ್ಲಿ, ನನಗಲ್ಲ, ಕುಕ್ಕರಿಗೆ ಹೇಳುವಂತೆ ಹೇಳಿದಳು: “ಅವ್ವ ನನ್ನ ತಲಿಗೆ ಎಣ್ಣಿ ಹಚ್ಚಿ ಎಷ್ಟು ವರ್ಷ ಆತೋ. ತಮ್ಮನ ಹೆಂಡ್ತಿ ತಲಿ ಮಾತ್ರ ಫಳಫಳ ಹೊಳೀತೈತಿ.” ಕುಕ್ಕರು ಸೀಟಿ ಹೊಡೆಯಿತು. ನಾನು ಗ್ಯಾಸ್ ಸಣ್ಣ ಮಾಡಿದೆ.

ಇಂಥ ಗಂಭೀರ ವ್ಯಾಜ್ಯ ಹಿಮದ ಬೆಟ್ಟಕ್ಕೆ ಹೋದದ್ದು ನನ್ನ ಮೈದುನನಿಂದ. ಹೆಂಡತಿಯ ಈ ತಮ್ಮ ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರ್; ಮರಳಿನಲ್ಲಿ ಗಾಡಿ ಓಡಿಸುವುದರಲ್ಲಿ ಪಂಡಿತ. ಮರಳಿಗಿಳಿಯುವ ಮುನ್ನ ಟೈರಿನ ಗಾಳಿ ಎಷ್ಟು ಇಳಿಸಬೇಕೆಂಬ ಬಗ್ಗೆ ಅವನು ಮಾತು ಶುರುಮಾಡಿದರೆ ಕೇಳುವವರ ಗಾಳಿಯೂ ಇಳಿಯುತ್ತದೆ. ಕಳೆದ ವರ್ಷ ಅವನ ದೃಷ್ಟಿ ಮರಳಿನಿಂದ ಹಿಮಕ್ಕೆ ಹೊರಳಿತು. ರಜೆ ಸಿಕ್ಕಾಗಲೆಲ್ಲ ದುಬೈಗೆ ಬಂದು, ಮಾಲಿನೊಳಗೆ ಕಟ್ಟಿರುವ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿತ. ಅಲ್ಲಿ ಕುರ್ಚಿಯ ಲಿಫ್ಟು ಮೇಲಕ್ಕೆ ಒಯ್ಯುತ್ತದೆ, ಕಾಲಿಗೆ ಸಿಕ್ಕಿಸಿದ ಸ್ಕೀ ಹಲಗೆ ಕೆಳಕ್ಕೆ ತರುತ್ತದೆ, ಹಸಿವಾದರೆ ಎದುರಿಗೇ ಫುಡ್ ಕೋರ್ಟು. ಗಲ್ಫಿನವರು ಹಿಮ ನೋಡಲು ಹೋಗುವುದು ಜಾರ್ಜಿಯಾಕ್ಕೆ. ಇಲ್ಲಿನ ರೆಸಿಡೆನ್ಸ್ ವೀಸಾ ಇದ್ದರೆ ಸಾಕು. ಹೊಸ ವರ್ಷದ ರಜೆಗೆ ನಾವೂ ಅಲ್ಲಿಗೇ ಹೊರಡುವುದೆಂದಾಯಿತು. ಚಳಿಗಾಲದಲ್ಲಿ ವಾಹನಗಳಿಗೆ ಮುಚ್ಚಿರುವ ಒಂದು ಬೆಟ್ಟದ ರಸ್ತೆ, ಅದರ ಮೇಲ್ತುದಿಗೆ ಕಲ್ಲಿನ ಪುಟ್ಟ ಚರ್ಚು. ಅದರ ಫೋಟೊ ತೋರಿಸಿ ಮೈದುನ ಸವಾಲು ಹಾಕಿದ:

“ಅಕ್ಕಾ, ನೀ ನಡ್ಕೊಂಡು ಬಾ, ನಾ ಸ್ಕೀ ಮ್ಯಾಲೆ ಬರ್ತೀನಿ. ಆ ಗುಡಿಯೊಳಗ ಹೋಗಿ ನಾ ಮೊದ್ಲ ಕೈ ಮುಗದ್ರ ಅವ್ವ ಯಾವಾಗಿನಂಗ ನಮ್ಮನಿಗೆ. ನೀ ಮುಗದ್ರ ಈ ಸಲ ಪೂರ್ತಿ ನಿಮ್ಮನಿಗೆ. ಖಲಾಸ್?”

“ಖಲಾಸ್,” ಎಂದಳು ಅಕ್ಕ.

ಹೊಸ ವರ್ಷ ಕಳೆದ ಮೇಲೆ ಬರಲಿದ್ದ ಪಣದ ವಸ್ತುವು ಅದೇ ಹೊತ್ತಿಗೆ ಧಾರವಾಡದಲ್ಲಿ ನಿಶ್ಚಿಂತೆಯಿಂದ ಶೇಂಗಾ ಹುರಿಯುತ್ತಿತ್ತು. ಮನೆಯಲ್ಲಿ ಸ್ವಂತ ಅಭಿಪ್ರಾಯವಿಲ್ಲದವನೆಂಬ ಖ್ಯಾತಿ ನನಗಿದ್ದುದರಿಂದ ನ್ಯಾಯಾಧೀಶನ ಹುದ್ದೆಗೆ ಅವಿರೋಧವಾಗಿ ಆಯ್ಕೆಯಾದೆ.

ಹೆಂಡತಿ ಯಾರಿಂದಲೋ ಎರಡು ಜೋಡಿ ಹಳೆಯ ಸ್ನೋ ಶೂ ಸಂಪಾದಿಸಿದಳು. ನೋಡಲು ಮೊರದ ತಮ್ಮಂದಿರು. ಬೂಟಿನ ಕೆಳಗೆ ಬಿಗಿದುಕೊಂಡರೆ ಹಿಮದಲ್ಲಿ ಕಾಲು ಹೂತುಹೋಗುವುದಿಲ್ಲವಂತೆ. ನಾನು ಅವಕ್ಕೆ ‘ಹಿಮಹಾವುಗೆ’ ಎಂದು ನಾಮಕರಣ ಮಾಡಿದೆ, ಯಾರೂ ಬಳಸಲಿಲ್ಲ. ಅಭ್ಯಾಸಕ್ಕೆ ಹಿಮ ಎಲ್ಲಿಂದ ಬರಬೇಕು? ತಮ್ಮನ ಮನೆಗೆ ಹೋದಾಗ, ಅವನು ಮಧ್ಯಾಹ್ನದ ನಿದ್ದೆಯಲ್ಲಿದ್ದ ಹೊತ್ತು ನೋಡಿ, ಊರಾಚೆಯ ಮರಳುದಿಬ್ಬ ಹತ್ತಿದಳು. ಮೊರಗಳು ಮರಳಿನ ಮೇಲೂ ಸೊಗಸಾಗಿ ನಡೆದವು. ಒಂದು ಒಂಟೆ ನಿಂತು ಅವಳ ಪಾದಗಳನ್ನೂ ತನ್ನ ಪಾದಗಳನ್ನೂ ಹೋಲಿಸಿ ನೋಡಿತು. ಪಿಕಪ್ಪಿನಲ್ಲಿ ಹೋಗುತ್ತಿದ್ದ ಪಠಾಣ ಗಾಡಿ ನಿಲ್ಲಿಸಿ, “ಭಾಭೀಜಿ, ಸಬ್ ಠೀಕ್ ಹೈ?” ಎಂದು ನನ್ನನ್ನು ಅನುಮಾನದಿಂದ ನೋಡಿದ. ಹೆಂಡತಿಗೆ ಏನೋ ಆಗಿದೆ, ಇವನು ಸುಮ್ಮನೆ ನೀರಿನ ಬಾಟಲಿ ಹಿಡಿದು ನಿಂತಿದ್ದಾನೆ ಎಂದು ಅವನಿಗೆ ಅನಿಸಿರಬೇಕು.

ಅಂತೂ ಆ ದಿನ ಬಂತು. ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು, ಅದರಾಚೆ ಬೆಳ್ಳಗೆ ಮಲಗಿದ ದಾರಿ. ಚರ್ಚಿನವರೆಗೆ ನಡೆಯಬಹುದು, ಅದರಾಚೆ ಬೇಡ ಎಂದು ನಾವು ಇಳಿದುಕೊಂಡಿದ್ದ ಮನೆಯ ಯಜಮಾನ ಹೇಳಿ, ಗೇಟಿನವರೆಗೆ ತಾನೇ ಬಂದಿದ್ದ. ಮೈದುನ ಬಾಡಿಗೆಯ ಸ್ಕೀ ಬೂಟು ಹಾಕಿ, ಹಲಗೆಗಳನ್ನು ಸಿಕ್ಕಿಸಿ, ಕಪ್ಪು ಕನ್ನಡಕ ಇಳಿಸಿ, ಯುದ್ಧಕ್ಕೆ ನಿಂತ ದಳಪತಿಯಂತೆ ಬೆಟ್ಟದತ್ತ ನೋಡಿದ. ಆಮೇಲೆ ಎಡಕ್ಕೆ ನೋಡಿದ. ಬಲಕ್ಕೆ ನೋಡಿದ.

“ಮಾಮಾ, ಲಿಫ್ಟ್ ಎಲ್ಲೈತಿ?”

ನಾನು ಪ್ರಶ್ನೆಯನ್ನು ಯಜಮಾನನಿಗೆ ದಾಟಿಸಿದೆ. ಅವನು ಬಹಳ ಹೊತ್ತು ಯೋಚಿಸಿ, ಮೈದುನನ ಎರಡು ಕಾಲುಗಳನ್ನು ತೋರಿಸಿದ.

ಸತ್ಯವೇನೆಂದರೆ, ಮಾಲಿನಲ್ಲಿ ಅವನಿಗೆ ಇಳಿಯುವುದನ್ನು ಮಾತ್ರ ಕಲಿಸಿದ್ದರು. ಏರುವುದು ಕರೆಂಟಿನ ಕೆಲಸವೆಂದು ಅವನು ನಂಬಿಬಿಟ್ಟಿದ್ದ. ಒಂದು ಹೆಜ್ಜೆ ಮುಂದಿಟ್ಟ, ಎರಡು ಹಿಂದಕ್ಕೆ ಜಾರಿದ. ಗೇಟಿಗೆ ಬೆನ್ನು ತಾಗಿತು.

“ಟೈರಿನ ಗಾಳಿ ಇಳಿಸೋ ತಮ್ಮಾ!” ಎಂದು ಮೇಲಿನಿಂದ ದನಿ ಬಂತು. ಅಕ್ಕ ಆಗಲೇ ಮೊರದ ಕಾಲಿನಲ್ಲಿ ಧಪ್ ಧಪ್ ಎಂದು ಮೊದಲ ತಿರುವು ಮುಟ್ಟಿದ್ದಳು.

ಮೈದುನ ಹಲಗೆ ಬಿಚ್ಚಿ ಹೆಗಲಿಗೇರಿಸಿ ನಡೆಯತೊಡಗಿದ. ಸ್ಕೀ ಬೂಟಿನಲ್ಲಿ ಕಣಕಾಲು ಬಾಗುವುದಿಲ್ಲ. ಹಿಮದಲ್ಲಿ ತೊಡೆಯವರೆಗೆ ಹೂತು, ಕಿತ್ತು, ಮತ್ತೆ ಹೂತು ಬಂದ. ಇನ್ನೊಂದು ಜೋಡಿ ಮೊರ ಕಟ್ಟಿಕೊಂಡ ನಾನು ಥರ್ಮಾಸು ಹಿಡಿದು ಮಧ್ಯದಲ್ಲಿ, ನ್ಯಾಯಪೀಠಕ್ಕೆ ಸಲ್ಲುವ ವೇಗದಲ್ಲಿ ಸಾಗಿದೆ.

“ಮಾಮಾ, ಆಕಿ ಕಾಲಿಗೆ ಮಷಿನ್ ಏನರ ಕಟ್ಟ್ಯಾರೇನು ನೋಡ್ರಿ!”

“ನ್ಯಾಯಾಲಯ ಎರಡೂ ಮೊರ ಪರಿಶೀಲಿಸಿದೆ. ಮಷಿನ್ ಮಾಫಿ, ಏನೂ ಇಲ್ಲ,” ಎಂದೆ.

ನಾನು ಚರ್ಚಿನ ಮುಂದೆ ಬಂದಾಗ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಗೆದ್ದಾಗಿತ್ತಲ್ಲ, ಒಳಗೆ ಹೋಗುವುದೊಂದೇ ಬಾಕಿ. ಆದರೆ ಕಾಲಲ್ಲಿ ಬೂಟಿತ್ತು. ಒಳಗಿನ ನೆಲದ ಮೇಲೆ ಬೂಟಿನ ಒದ್ದೆ ಗುರುತುಗಳು ಧಾರಾಳವಾಗಿದ್ದವು. ಮೇಣದಬತ್ತಿ ಹಚ್ಚುತ್ತಿದ್ದ ಅಜ್ಜಿ ಮೊಣಕಾಲೆತ್ತರದ ಬೂಟು ಹಾಕಿಕೊಂಡೇ ನಿಂತಿದ್ದಳು. ಅಲ್ಲಿಯ ದೇವರಿಗೆ ಏನೂ ಆಕ್ಷೇಪವಿದ್ದಂತೆ ಕಾಣಲಿಲ್ಲ. ಆದರೂ ಚಪ್ಪಲಿ ಬಿಡದೆ ಗುಡಿ ಹೊಗುವುದೆಂದರೇನು? ಮೊರದ ಪಟ್ಟಿಗಳು ಹೆಪ್ಪುಗಟ್ಟಿ ಕಲ್ಲಾಗಿದ್ದವು. ಅವಳು ಹಲ್ಲಿನಿಂದ ಕೈಗವಸು ಎಳೆದು, ಉಗುರಿನಿಂದ ಪಟ್ಟಿ ಕೀಳುತ್ತಿದ್ದಳು.

ಅಷ್ಟರಲ್ಲಿ ಮೈದುನ ಏದುಸಿರು ಬಿಡುತ್ತ ಬಂದ. ಅಕ್ಕನನ್ನು ನೋಡಿದ, ತೆರೆದ ಬಾಗಿಲನ್ನು ನೋಡಿದ. ಬೂಟಿನ ಕಾಲೊಂದನ್ನು ಎತ್ತಿ ಹೊಸ್ತಿಲ ಮೇಲಿನ ಗಾಳಿಯಲ್ಲಿ ಹಿಡಿದ.

“ನೋಡ, ಅವ್ವಗ ಹೇಳ್ತೀನಿ,” ಎಂದಳು ಅಕ್ಕ, ತಲೆ ಎತ್ತದೆ.

ಕಾಲು ಮೆಲ್ಲಗೆ ಹಿಂದಕ್ಕೆ ಬಂತು. ಅವನೂ ಪಕ್ಕದಲ್ಲಿ ಕುಕ್ಕರಿಸಿದ. ಸ್ಕೀ ಬೂಟಿನ ಕೊಂಡಿಗಳು ಬ್ಯಾಂಕಿನ ತಿಜೋರಿಯಂಥವು. ಬಿಚ್ಚಿದರೂ ಬೂಟು ಕಾಲನ್ನು ಬಿಡಲೊಲ್ಲದು. ಹೆಂಡತಿಯ ಬೂಟುಗಳು ಮೊದಲು ಕಳಚಿದವು. ಕಾಲುಚೀಲದಲ್ಲಿ ಎದ್ದು ಹೊರಟವಳು ಹಿಂದಿರುಗಿ ನೋಡಿದಳು. ತಮ್ಮ ಬೆನ್ನ ಮೇಲೆ ಬಿದ್ದು ಕಾಲು ಮೇಲೆತ್ತಿ ಒದ್ದಾಡುತ್ತಿದ್ದ.

“ಕೊಡಿಲ್ಲೆ ಕಾಲು,” ಎಂದು ಬಂದು ಎರಡೂ ಕೈಯಿಂದ ಜಗ್ಗಿದಳು. ಬೂಟು ಫಟ್ಟನೆ ಬಂತು. ತಂಗಾಳಿಗೆ ಐದೂ ಬೆರಳು ಅಲುಗಾಡಿಸಿ ಅವನು, “ಅಕ್ಕಾ, ಇನ್ನೊಂದು?” ಎಂದ.

“ಇನ್ನೊಂದಕ್ಕ ಲಿಫ್ಟ್ ಬರ್ತೈತಿ,” ಎಂದು ಹೇಳಿ, ಅವನ ಬೂಟು ಕೈಯಲ್ಲಿರುವಂತೆಯೇ ಒಳಗೆ ಓಡಿ, ಬೂಟನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿದುಬಿಟ್ಟಳು.

“ಅನ್ಯಾಯ! ಚಪ್ಲಿ ಕೈಯಾಗ ಹಿಡಕೊಂಡು ಗುಡಿ ಹೊಕ್ಕಾಳ! ಮಾಮಾ, ಇದು ನಡ್ಯಂಗಿಲ್ಲ!”

ಕಾಲಿನ ಬೂಟಿಗೆ ನಿಷೇಧವಿದ್ದರೆ ಕಂಕುಳಿನದಕ್ಕೂ ಇದೆಯೇ ಎಂಬ ಸೂಕ್ಷ್ಮ ಪ್ರಶ್ನೆ ನನ್ನ ಮುಂದೆ ಬಂತು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಹೆಂಡತಿಯ ತಮ್ಮ. ನಾನು ಮೇಲಿನ ಕೋರ್ಟಿಗೆ ವಿಡಿಯೊ ಕರೆ ಹಚ್ಚಿದೆ.

ಅತ್ತೆ ಎರಡೂ ಕಡೆಯ ವಾದ ಕೇಳಿದರು. ತಾವೇ ಪಣವೆಂಬುದು ತಿಳಿದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಪರದೆಯ ಮೇಲೆ ಮಗಳ ಮುಖ ಕೆಂಪಗಿತ್ತು, ಬರೀ ಚಳಿಗಲ್ಲ. ಅದನ್ನು ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿದರು.

“ಚಪ್ಲಿ ಹಿಡಕೊಂಡು ಗುಡಿ ಹೊಕ್ಕಾಳಂದ್ರ,” ಎಂದರು ಕೊನೆಗೆ, “ಆಕಿಗೆ ಬುದ್ಧಿ ಕಲಿಸೂದು ಇನ್ನೂ ಬಾಕಿ ಐತಿ. ಎಂಟು ದಿನದಾಗ ಆಗೂ ಕೆಲಸ ಅಲ್ಲ. ನಾನ ಬಂದು ಕುಂಡ್ರಬೇಕು. ಮಂದಿ ಕೇಳಿದ್ರ ಹೀಂಗ ಹೇಳ್ರಿ. ಮೊದ್ಲ ಕಾಲು ಒರಸ್ಕೋರಿ!”

ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ. ಮೈದುನ ಸೋತ ಮುಖದಲ್ಲಿ ಎರಡೂ ಬೂಟು ಹಾಕಿಕೊಂಡ, ಹಲಗೆ ಸಿಕ್ಕಿಸಿದ. ಇಳಿಜಾರು ಕಂಡದ್ದೇ ಮುಖ ಅರಳಿತು. ನಾವಿಬ್ಬರು ಮೊದಲ ತಿರುವು ದಾಟುವುದರೊಳಗೆ ಅವನು ಗೇಟಿನ ಬಳಿ ಕೈ ಬೀಸುತ್ತಿದ್ದ. ಇಳಿಯುವುದರಲ್ಲಿ ನಮ್ಮ ಬಳಗದಲ್ಲಿ ಅವನ ಸಮಾನರಿಲ್ಲ. ಪಣ ಏರುವುದಕ್ಕಿತ್ತು, ಅಷ್ಟೆ.

ಈಗ ಅತ್ತೆ ನಮ್ಮ ಅಲ್ ಕುಸೈಸ್‌ನ ಸೋಫಾದ ತುದಿಯಲ್ಲಲ್ಲ, ನಟ್ಟನಡುವೆ ಕೂರುತ್ತಾರೆ. ತುದಿ ನನಗೆ ಬಂದಿದೆ. ಮೈದುನ ವಾರಕ್ಕೊಮ್ಮೆ ಮರಳುಗಾಡು ದಾಟಿ ಬಂದು, ಬಸ್ಸಿಗೆ ಕಾಯುವವನ ಹಾಗೆ ನನ್ನ ಪಕ್ಕ ಕೂತು, ಚಹಾ ಕುಡಿದು ಹೋಗುತ್ತಾನೆ. ಹೆಂಡತಿ ಮಾತ್ರ ನೆಲದ ಮೇಲೆ ಅವ್ವನ ಮೊಣಕಾಲಿಗೆ ಬೆನ್ನು ಆನಿಸಿ ಕೂತಿರುತ್ತಾಳೆ. ಎಣ್ಣೆಯ ಕೈ ತಲೆಯ ಮೇಲೆ ತಟ್ಟುತ್ತಿರುತ್ತದೆ.

“ಚಪ್ಲಿ ಹಿಡಕೊಂಡು ಗುಡಿಗೆ ಹೋಗ್ತೀ?” ಎಂದು ಒಂದು ತಟ್ಟು.

“ಇಲ್ಲವ್ವಾ.”

“ಇನ್ನ ಕಲ್ತಿಲ್ಲ ನೋಡು ಈಕಿ,” ಎಂದು ಇನ್ನೊಂದು ತಟ್ಟು.