ಹೆರಿಗೆಮನೆಯ ಭೂಗೋಳ

ಜಹೀರಾಬಾದಿನ ನಮ್ಮ ಚರ್ಚಿನಲ್ಲಿ ಪ್ರತಿ ಡಿಸೆಂಬರಿಗೂ ಹಿಮ ಬೀಳುತ್ತದೆ. ಅದಕ್ಕೂ ಆಕಾಶಕ್ಕೂ ಸಂಬಂಧವಿಲ್ಲ. ಗಾದಿ ಹೊಲಿಯುವವನ ಅಂಗಡಿಯಿಂದ ಅರಳೆ ತಂದು, ಕ್ರಿಸ್ತ ಹುಟ್ಟಿದ ಗುಡಿಸಲಿನ ಮೇಲೆ ನಾವೇ ಭಕ್ತಿಯಿಂದ ಹರಡುತ್ತೇವೆ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸುತ್ತಿದ್ದರೆ, ಒಳಗೆ ಸ್ವೆಟರು ತೊಟ್ಟ ಕುರುಬರು ಬೆವರುತ್ತ ದೇವದೂತನ ದಾರಿ ಕಾಯುತ್ತಾರೆ. ಬದುಕಿಡೀ ಭೂಗೋಳ ಕಲಿಸಿದ ನಾನು ಸುಮ್ಮನೆ ನೋಡುತ್ತೇನೆ. ಭಕ್ತಿಯ ಅಕ್ಷಾಂಶ ಕೇಳಬಾರದೆಂಬುದು ನಮ್ಮಲ್ಲಿ ಸಭ್ಯತೆ.

ಆ ಕ್ರಿಸ್ಮಸ್ ನಾಟಕದ ಪ್ರಾಣವೆಂದರೆ ಛತ್ರದವನು. ಜಾಗವಿಲ್ಲವೆಂದು ಗದರಿ ಕ್ರಿಸ್ತನ ತಾಯಿ, ತುಂಬು ಬಸುರಿ ಮರಿಯಳನ್ನು ಹೊರಗಟ್ಟುವ ಕಟುಕ. ಹೆದ್ದಾರಿಯ ಬದಿಗೆ ಚಹಾದ ಹೋಟೆಲು ನಡೆಸುವ ಪ್ರೇಮದಾಸನಿಗೆ ಆ ಪಾತ್ರ ಕಾಯಂ. ಕಾಣಿಕೆಯ ಚೀಲ ಆ ದೃಶ್ಯದ ಬೆನ್ನಿಗೇ ಹೊರಡುತ್ತದೆ, ಸಭಿಕರ ಕಣ್ಣೀರು ಆರುವ ಮುಂಚೆ. ಕಳೆದ ವರ್ಷ ಕಮಿಟಿಯ ಸಭೆಗೆ ಪ್ರೇಮದಾಸನ ಬದಲು ಅವನ ಹೆಂಡತಿ ಶಾಂತವ್ವ ಬಂದಳು.

“ನಮ್ಮ ಮನಿಯವರು ಈ ಸಲ ಬಸುರಿ ಹೆಂಗಸಿಗೆ ಹೊರಗ ಹಾಕಂಗಿಲ್ರಿ. ನಮ್ಮ ಸೊಸಿಗೆ ದಿನ ತುಂಬ್ಯಾವ. ಆ ಮಾತು ಅವರ ಬಾಯಾಗ ಬ್ಯಾಡ.”

ಪಾಸ್ಟರು ಮೃದುವಾಗಿ ನಕ್ಕರು. “ಸುವಾರ್ತಾದಾಗ ಇದ್ದದ್ದು ಬದಲ ಮಾಡಾಕ ಬರ್ತದೇನವ್ವ?”

ಆಗ ನನ್ನೊಳಗಿನ ಮಾಸ್ತರ ಎದ್ದು ನಿಂತ. ಬೈಬಲಿನ ಸುವಾರ್ತೆಯಲ್ಲಿ ಛತ್ರದವನೆಂಬ ಮನುಷ್ಯನೇ ಇಲ್ಲ ಎಂದೆ. ಮರಿಯಳ ಗಂಡ ಯೋಸೇಫನಿಗೆ ಬೆತ್ಲೆಹೇಮು ಪೂರ್ವಿಕರ ಊರು. ತನ್ನವರಿರುವ ಊರಿನಲ್ಲಿ ಯಾರಾದರೂ ಲಾಡ್ಜು ಹುಡುಕುತ್ತಾರೆಯೇ? ಛತ್ರವೆಂದು ನಾವು ಓದುವ ಮಾತಿಗೆ ಮನೆಯ ಅತಿಥಿಗಳ ಕೋಣೆ ಎಂಬ ಅರ್ಥವನ್ನೂ ಪಂಡಿತರು ಹೇಳುತ್ತಾರೆ. ಬೆತ್ಲೆಹೇಮಿನದೂ ತಾಂಡೂರಿನಂತೆ ಸುಣ್ಣಕಲ್ಲಿನ ನೆಲ. ಅಲ್ಲಿಯ ಬಡವರ ಮನೆಗಳಲ್ಲಿ ತಗ್ಗಿಗೆ ದನ, ಒಂದು ಮೆಟ್ಟಿಲು ಮೇಲೆ ಜನ, ನಡುವಿನ ಅಂಚಿನಲ್ಲಿ ಮೇವಿನ ಗೋದಲಿ. ನ್ಯಾಲ್ಕಲ್ಲಿನ ನನ್ನ ಅಜ್ಜಿಯ ಮನೆಯೂ ಹಾಗೆಯೇ ಇತ್ತು. ನಾನು ಹುಟ್ಟಿದ್ದೂ ಎತ್ತಿನ ಉಸಿರು ತಾಕುವ ದೂರದಲ್ಲೇ, ಯಾವ ನಕ್ಷತ್ರವೂ ಅದನ್ನು ಗಮನಿಸಲಿಲ್ಲ, ಅಷ್ಟೇ. ಅತಿಥಿ ಕೋಣೆ ತುಂಬಿತ್ತು, ಆದ್ದರಿಂದ ಬಸುರಿಯನ್ನು ಮನೆಯವರು ತಮ್ಮ ನಡುವೆಯೇ ಮಲಗಿಸಿಕೊಂಡರು ಎಂದು ಉಪನ್ಯಾಸ ಮುಗಿಸಿದೆ.

“ಇದು ಹೇಳಾಕ ಇಷ್ಟು ವರ್ಷ ಬೇಕಾತೇನ್ರಿ ಮಾಸ್ತರ?” ಎಂದಳು ಶಾಂತವ್ವ.

ಕಟುಕನಿಲ್ಲದೆ ಕಣ್ಣೀರೆಲ್ಲಿಂದ ಬರಬೇಕು ಎಂದು ಕಮಿಟಿ ಬಹಳ ಕೊರಗಿತು. ಆದರೆ ಪ್ರೇಮದಾಸನ ಬದಲಿಗೆ ಕಟುಕನಾಗಲು ಅಷ್ಟು ಸಜ್ಜನರಲ್ಲಿ ಒಬ್ಬರೂ ಒಪ್ಪಲಿಲ್ಲವಾಗಿ, ಭೂಗೋಳ ಗೆದ್ದಿತು.

ಮರುದಿನ ಪ್ರೇಮದಾಸ ನನ್ನ ಮನೆಗೆ ಬಂದ. ಕೃತಜ್ಞತೆಗೆ ನಾನು ಸಿದ್ಧನಾಗಿದ್ದೆ.

“ನನ್ನ ಪಾರ್ಟೇ ತೆಗದುಬಿಟ್ರೆಲ್ರಿ,” ಎಂದ ನೆಲ ನೋಡುತ್ತ. “ಜನ ಬೈತಿದ್ರು, ಖರೆ. ಆದ್ರ ಎಲ್ಲಾರೂ ನನಗೇ ನೋಡ್ತಿದ್ರು.”

ಪಾಪಿಗೆ ಪಾಪವೇ ಆಸ್ತಿಯಾಗಿರಬಹುದೆಂದು ಯಾವ ನಕಾಶೆಯೂ ನನಗೆ ತಿಳಿಸಿರಲಿಲ್ಲ. ಸಮಾಧಾನಕ್ಕೆಂದು ಮನೆಯ ಯಜಮಾನನ ಪಾತ್ರ ಕೊಡಿಸಿದೆ. ಮಾತಿಲ್ಲ, ಕರುವನ್ನು ಪಕ್ಕಕ್ಕೆ ಕಟ್ಟುವುದಷ್ಟೇ ಕೆಲಸ.

ನಾಟಕದ ಸಂಜೆ ತಾಂಡೂರಿನ ಕಲ್ಲು ಹಾಸಿ ಮನೆ ಕಟ್ಟಿದ್ದೆವು. ಮರಿಯಳು ಒಳಗೆ ಬಂದಳು. ಮನೆಯ ಹಿರಿಯಳ ಪಾತ್ರದಲ್ಲಿದ್ದ ಶಾಂತವ್ವ ಅವಳನ್ನು ಮಲಗಿಸಿ, ನಾವು ಬರೆದುಕೊಟ್ಟಿರದ ಮಾತು ಆಡಿದಳು. “ಗಂಡಸರೆಲ್ಲಾ ಹೊರಗ ನಡೀರಿ. ಹಡಿಯೋ ಮನ್ಯಾಗ ನಿಮ್ಮದೇನು ಕೆಲಸ ಅದ?”

ಯೋಸೇಫ ಹೊರಬಿದ್ದ. ರಾಜನ ವೇಷದಲ್ಲಿ ಕಿರೀಟ ತೊಟ್ಟಿದ್ದ ಕಮಿಟಿಯ ಅಧ್ಯಕ್ಷರು, ಮೈಕು ಹಿಡಿದಿದ್ದ ಪಾಸ್ಟರು, ಮೆಟ್ಟಿಲನ್ನು ಸಭೆಗೆ ವಿವರಿಸಲೆಂದು ಕೋಲು ಹಿಡಿದು ನಿಂತಿದ್ದ ನಾನು, ಎಲ್ಲರೂ ರಂಗದ ಅಂಚಿಗೆ ಬಂದು ಸಾಲಾಗಿ ಕುಳಿತೆವು. ಮುಂದಿನ ಸಾಲಿನಲ್ಲಿ ಪ್ರೇಮದಾಸನ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪ್ರೇಮದಾಸನೂ ಕರುವಿನ ಹಗ್ಗ ಹಿಡಿದೇ ಬಂದು ನಮ್ಮ ಸಾಲಿಗೆ ಸೇರಿದ. ಸಭೆಯೆಲ್ಲ ಅವನನ್ನೂ ಕರುವನ್ನೂ ನೋಡುತ್ತಿತ್ತು. ಅವನ ಮುಖ ಅರಳಿತು.

ಹೆಂಗಸರು ಮನೆಗೆ ಪರದೆ ಎಳೆದುಕೊಂಡು ಒಳಗೆ ಜೋಗುಳ ಎತ್ತಿದರು. ಅದು ಮುಗಿಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ಪಾಸ್ಟರು ಎದ್ದು ಪರದೆ ಸರಿಸಿ, “ಪ್ರಾರ್ಥನಾ ಮಾಡ್ಲೇನವ್ವ?” ಎಂದು ಕೇಳಿದರು.

“ಕೂಸಿಗೆ ಹಾಲು ಕುಡಸಾಕತ್ಯಾಳ. ಜರಾ ತಡೀರಿ,” ಎಂದಿತು ಒಳಗಿನ ದನಿ.

ಅವರು ಮೈಕನ್ನು ಮಡಿಲಲ್ಲಿಟ್ಟುಕೊಂಡು, ಪ್ರೇಮದಾಸನ ಪಕ್ಕಕ್ಕೆ ಬಂದು ಕುಳಿತರು.