ನೀರು ನಿಲ್ಲಿಸಿದ ಚಳಿಗಾಲ

ಮದುವೆಯಾದ ವರ್ಷವೇ ನನ್ನ ಕೈಗುಣದ ತೀರ್ಪು ಆಗಿಹೋಗಿತ್ತು. ಯಲಿಯೂರಿನ ಗದ್ದೆಯಲ್ಲಿ ಭತ್ತದ ಸಸಿ ಬೆಳೆಸಲು ಒಟ್ಲು ಹಾಕುವ ದಿನ, ಹೊಸ ಸೊಸೆಯೆಂದು ಮೊಳಕೆ ಭತ್ತದ ಮೊದಲ ಹಿಡಿಯನ್ನು ನನ್ನ ಕೈಯಿಂದ ಹಾಕಿಸಿದರು. ಸಂಜೆ ಸುರಿದ ಮಳೆಗೆ ಬೀಜವೆಲ್ಲ ಕೊಚ್ಚಿಕೊಂಡು ಹೋಯಿತು. ಮಳೆಯನ್ನು ಯಾರೂ ಬೈಯಲಿಲ್ಲ. “ಈವಮ್ಮನ ಕೈಗುಣ ಸರಿಯಿಲ್ಲ” ಎಂದರು ನಮ್ಮತ್ತೆ. ಅಲ್ಲಿಂದ ಹದಿನೆಂಟು ವರ್ಷ, ಮನೆಯಲ್ಲಿ ಒಂದು ಹಿಡಿ ಮೆಂತ್ಯ ಬಿತ್ತುವುದಿದ್ದರೂ ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು.

ನನಗೂ ಹಟ ಕಮ್ಮಿಯಿಲ್ಲ. ಮದ್ದೂರಿನ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಹಲಗೂರಿನಿಂದ ಬರುತ್ತಾರೆ. ಅವರು ಕೊಟ್ಟ ನಾಲ್ಕಾರು ಎಲೆಗಳಿಂದ ನನ್ನ ಸಕ್ಯುಲೆಂಟ್ ಸಂಸಾರ ಶುರುವಾಯಿತು. ದಪ್ಪ ಎಲೆಯ, ಎಲೆಯಲ್ಲೇ ನೀರು ತುಂಬಿಕೊಂಡು ಬದುಕುವ ಗಿಡಗಳು. “ಸಾಯಿಸಬೇಕು ಅಂದ್ರೂ ಸಾಯಲ್ಲ, ತಗೊಂಡು ಹೋಗಿ” ಎಂದಿದ್ದರು. ಗುತ್ತಲಿನ ನಮ್ಮ ಮನೆಯ ತಾರಸಿಯಲ್ಲಿ ಹನ್ನೆರಡು ಕುಂಡಗಳಾದವು. ಕಳೆದ ಚಳಿಗಾಲ ಹನ್ನೆರಡೂ ಸತ್ತವು. ಕಾಂಡ ಮೆತ್ತಗಾಗಿ, ಎಲೆ ಗಾಜಿನ ಹಾಗೆ ತಿಳಿಯಾಗಿ, ಮುಟ್ಟಿದರೆ ಕಳಚಿ ಬೀಳುತ್ತಿತ್ತು. ಅತ್ತೆ ಬಂದು ಕುಂಡಗಳನ್ನು ಒಮ್ಮೆ ನೋಡಿ ಕೆಳಗಿಳಿದರು. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಈ ವರ್ಷ, ಉದುರಿದ್ದರಲ್ಲಿ ಕೊಳೆಯದೆ ಉಳಿದಿದ್ದ ಎಲೆಗಳಿಂದಲೇ ಮತ್ತೆ ಐದು ಕುಂಡ ಮಾಡಿದೆ. ಇವೂ ಹೋದರೆ ಇನ್ನು ಜನ್ಮದಲ್ಲಿ ಮಣ್ಣು ಮುಟ್ಟುವುದಿಲ್ಲ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಮಣ್ಣಿಗೆ ಅರ್ಧಕ್ಕರ್ಧ ಮರಳು, ಇಟ್ಟಿಗೆ ಚೂರು ಬೆರೆಸಿದೆ. ಇಬ್ಬನಿ ಬೀಳದ ಹಾಗೆ, ಬೆಳಗಿನ ಬಿಸಿಲು ಮಾತ್ರ ತಾಗುವ ಹಾಗೆ ತಾರಸಿಯ ಮೂಲೆಯ ತಗಡಿನ ಶೀಟಿನ ಕೆಳಗೆ ಸಾಲಾಗಿ ಇಟ್ಟೆ. ಚಳಿ ಶುರುವಾದ ಮೇಲೆ ಇಪ್ಪತ್ತು ದಿನಕ್ಕೊಂದು ಸಲ, ಅದೂ ಬೆರಳು ತೂರಿಸಿ ನೋಡಿ, ಒಂದು ಲೋಟ ನೀರು.

ಡಿಸೆಂಬರಿನ ಒಂದು ಭಾನುವಾರ ಕುಂಡ ತಿರುಗಿಸಲು ಹೋದಾಗ ಮಣ್ಣು ಒದ್ದೆ. ನಾನು ನೀರು ಹಾಕಿ ಎರಡು ವಾರವಾಗಿತ್ತು. ಶೀಟಿನ ಕೆಳಗೆ ಇಬ್ಬನಿ ಬೀಳುವುದಿಲ್ಲ. ಒಂದು ಗಿಡದ ಬುಡ ಆಗಲೇ ಮೆತ್ತಗಾಗಿತ್ತು.

ಮಾರನೆಯ ದಿನ ಬೆಳಗಾಗುವ ಮೊದಲೇ ಎದ್ದು ತಾರಸಿಯ ಬಾಗಿಲ ಹಿಂದೆ ನಿಂತೆ. ತಲೆಗೆ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಹಿತ್ತಾಳೆ ಚೊಂಬು ಹಿಡಿದು ನಮ್ಮ ಮಾವ ಮೆಟ್ಟಿಲು ಹತ್ತಿ ಬಂದರು. ತಾರಸಿಯ ನಲ್ಲಿಯಲ್ಲಿ ತುಂಬಿ ತುಂಬಿ, ಕುಂಡಕ್ಕೊಂದು ಚೊಂಬು, ಲೆಕ್ಕ ತಪ್ಪದೆ ಉಯ್ದರು.

“ಮಾವ!”

ಅವರು ಬೆಚ್ಚಿದರು. “ಒಣಗ್ಕಂಡ್ ಕೂತಿದ್ವು ಕಣಮ್ಮ. ನೀನು ಕೆಲ್ಸದ ಗಡಿಬಿಡೀಲಿ ಮರ್ತ್‌ಬುಟ್ಟಿದ್ದೀಯ ಅಂತ…”

“ಹೋದ ವರ್ಷಾನೂ ನೀವೇ ಹಾಕ್ತಿದ್ರಾ?”

“ದಿನಾ ಉಯ್ದಿವ್ನಿ. ನಿಂಗೆ ಕೆಟ್ಟೆಸ್ರು ಬರಬಾರ್ದು ಅಂತ.”

ನನಗೆ ಮೈಯೆಲ್ಲ ಉರಿಯಿತು. ಆಯುಸ್ಸೆಲ್ಲ ನಾಲೆಯ ಸರದಿ ಕಾದು, ಗದ್ದೆಗೆ ನೀರು ಕಟ್ಟಿದ ಮನುಷ್ಯ. ಒಣ ಮಣ್ಣು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ನನ್ನ ಹೆಸರು ಉಳಿಸಲು ಹೋಗಿ ಹನ್ನೆರಡು ಗಿಡ ಕೊಂದಿದ್ದರು. ಬೈಯಲು ಬಾಯಿ ತೆರೆದವಳು, ಖಾಲಿ ಚೊಂಬು ಹಿಡಿದೇ ನಿಂತಿದ್ದ ಅವರನ್ನು ನೋಡಿ ಬೇರೆ ಮಾತು ತೆಗೆದೆ.

“ಕಬ್ಬು ಕಡಿಯೋ ಮುಂಚೆ ನೀರು ಯಾಕೆ ನಿಲ್ಲಿಸ್ತೀರಿ ಮಾವ?”

“ನೀರ್ ಬುಟ್ರೆ ಸಿಹಿ ಎಲ್ಲಿ ನಿಂತದಮ್ಮ?”

“ಇದೂ ಹಂಗೇ. ಚಳೀಲಿ ಇದು ಕುಡಿಯಲ್ಲ, ಹೊಟ್ಟೇಲಿರೋದೇ ಸಾಕು. ಮೇಲೆ ಹಾಕಿದ್ದೆಲ್ಲ ಬೇರು ಕೊಳೆಸುತ್ತೆ.”

ಮಾವ ಚೊಂಬು ಕೆಳಗಿಟ್ಟರು. ಎಲೆಯೊಂದನ್ನು ಬೆರಳಿನಿಂದ ಒತ್ತಿ ನೋಡಿದರು. “ಅಂಗಾರೆ ನಾನೇ ಸಾಯ್ಸಿದ್ನಾ?” ಎಂದು ಮೆಲ್ಲಗೆ ಕೇಳಿದರು. ನಾನು ಮೊದಲ ಕುಂಡವನ್ನು ಅವರ ಮುಂದೆ ಸರಿಸಿದೆ. ಇಬ್ಬರೂ ಕೂತು ಐದೂ ಗಿಡ ಕಿತ್ತೆವು. ಕೊಳೆತ ಬೇರು ಕತ್ತರಿಸಿ, ಹಳೇ ಪೇಪರಿನ ಮೇಲೆ ನೆರಳಲ್ಲಿ ಒಣಗಿಸಿ, ಐದನೆಯ ದಿನ ಒಣ ಮಣ್ಣಿಗೆ ನೆಟ್ಟೆವು.

ಆಮೇಲೆ ಮಾವನ ಕಾವಲು ನೋಡಬೇಕಿತ್ತು. ಅಕ್ಕಿ ತೊಳೆದ ನೀರು ಹಿಡಿದುಕೊಂಡು ಅತ್ತೆ ಮೇಲೆ ಬಂದರೆ, “ಲೇ, ಅತ್ರ ಬರ್ಬ್ಯಾಡ! ಕಟಾವಿಗೆ ಬಂದೈತೆ!” ಎಂದು ಕೂಗುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಎಲೆಗಳ ಅಂಚು ಕುಂಕುಮ ಸವರಿದ ಹಾಗೆ ಕೆಂಪಾಯಿತು. ನೀರು ಬಿಗಿಹಿಡಿದು, ಚಳಿಯೂ ಬಿಸಿಲೂ ಸೇರಿದರೆ ಮಾತ್ರ ಬರುವ ಬಣ್ಣ ಅದು. ಐದಕ್ಕೆ ಐದೂ ಬದುಕಿದ್ದವು. ನಾನು ತಾರಸಿಯಲ್ಲಿ ಒಬ್ಬಳೇ ಕುಣಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಹಬ್ಬ ಕಳೆದ ವಾರ ಬೇಸಿಗೆ ಭತ್ತಕ್ಕೆ ಒಟ್ಲು ಹಾಕಲು ಯಲಿಯೂರಿಗೆ ಹೋದೆವು. ನಾನು ಎಂದಿನಂತೆ ಬುತ್ತಿಯ ಜೊತೆ ಬದುವಿನ ಮೇಲೆ ಕೂತೆ. ಮಾವ ಮೊಳಕೆ ಭತ್ತದ ಪುಟ್ಟಿ ಹೊತ್ತು ನೇರ ನನ್ನ ಮುಂದೆ ಬಂದು ನಿಂತರು.

“ಮೊದ್ಲ ಹಿಡಿ ನೀನ್ ಆಕಮ್ಮ.”

ಅತ್ತೆ ಏನೋ ಹೇಳಲು ಹೊರಟರು. ಮಾವ ಅವರತ್ತ ತಿರುಗಿದರು. “ಅವ್ಳ ಕೈಗುಣ ನೆಟ್ಗೈತೆ. ಕೆಟ್ಟಿದ್ದು ನನ್ ಚೊಂಬು” ಎಂದರು, ಎಲ್ಲರಿಗೂ ಕೇಳುವ ಹಾಗೆ. ನಾನು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಕಣ್ಣು ಮಂಜಾಗಿ ಪಾತಿ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಹಿಡಿ ತುಂಬ ಭತ್ತ ತೆಗೆದು, ಕೈ ಬೀಸಿ ಎರಚಿದೆ.

ವಾರದೊಳಗೆ ಒಟ್ಲು ಹಸಿರಾಯಿತು. ಬೆಳೆದಿದೆಯೋ ಇಲ್ಲವೋ ನೋಡಲು ಮೊದಲು ಹೋದವರು ನಮ್ಮತ್ತೆ.