ಖಾಲಿ ಕುರ್ಚಿಯ ನಾಲ್ಕು ನಿಮಿಷ

ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತಳಾದ ಮೇಲೆ ದೊಡ್ಡಕ್ಕನಿಗೆ ಮನೆಯಲ್ಲಿ ಒಂದು ಕುರ್ಚಿ ಸಿಕ್ಕಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಒಲೆಯ ಮುಂದಿನ ಎರಡಡಿ ಜಾಗ. ಊಟದ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಪ್ರತಿ ಮಂಗಳವಾರ ಎರಡರಿಂದ ನಾಲ್ಕರವರೆಗೆ, ದೂರದ ಸಣ್ಣ ಆಸ್ಪತ್ರೆಗಳ ಹದಿನಾರು ನರ್ಸುಗಳ ಗುಂಪನ್ನು ಅವಳು ವೀಡಿಯೊ ಕರೆಯಲ್ಲಿ ನಡೆಸುತ್ತಿದ್ದಳು. ಒಬ್ಬರು ತಾವು ಕಂಡ ಕೇಸು ಹೇಳುವುದು, ಉಳಿದವರು ಅದನ್ನು ಬಿಡಿಸುವುದು, ದೊಡ್ಡಕ್ಕ ಕೊನೆಗೆ ಎಳೆ ಹಿಡಿದುಕೊಡುವುದು. ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಕೋಶವನ್ನು ಹೇಗೆ ಒತ್ತಬೇಕೆಂದು ಸುತ್ತಿದ ಟವೆಲ್ಲಿನ ಮೇಲೆ ಮಾಡಿ ತೋರಿಸಿದ್ದಳು. ಮೊದಲ ದಿನವೇ ಮಾತು ಕೊಟ್ಟಿದ್ದಳು: "ಆ ಎರಡು ಗಂಟೆ ನಾನು ಈ ಕುರ್ಚಿ ಬಿಟ್ಟು ಏಳಲ್ಲ. ಡ್ಯೂಟೀಲಿದ್ರೂ ಫೋನು ಆನ್ ಇಟ್ಕೊಳ್ಳಿ. ಕೈ ನಡುಗಿದ್ರೆ ಕೂಗಿ."

ಕೂಗಿದವಳು ಗುಂಪಿನಲ್ಲೇ ಚಿಕ್ಕವಳು. ಸಣ್ಣ ದನಿಯವಳಾದ್ದರಿಂದ ಎಲ್ಲರೂ ಗುಬ್ಬಿ ಅನ್ನುತ್ತಿದ್ದರು.

ಅದು ಹತ್ತು ನಿಮಿಷದ ವಿರಾಮ. ಉಳಿದವರು ಎದ್ದುಹೋಗಿದ್ದರು. ಒಳಕೋಣೆಯಿಂದ ಯಜಮಾನರು ಕರೆದರು. ದೊಡ್ಡಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಹೋದಳು. ಮೈಕು ಮುಚ್ಚಲು ಮರೆತಳು. ಬಂದು ಕೂತಾಗ ಗುಬ್ಬಿಯ ಚೌಕದಲ್ಲಿ ಆಸ್ಪತ್ರೆಯ ಫ್ಯಾನು ಮಾತ್ರ ತಿರುಗುತ್ತಿತ್ತು. ಡ್ಯೂಟಿಯಲ್ಲಿದ್ದ ಅವಳು ಫೋನನ್ನು ಅಂಗಾತ ಇಟ್ಟು, ರಕ್ತ ನಿಲ್ಲದ ಬಾಣಂತಿಯ ಪಕ್ಕದಿಂದ ಕೂಗುತ್ತಿದ್ದಳು. ಅಲ್ಲಿಂದ ಮುಂದೆ ದೊಡ್ಡಕ್ಕ ಹೇಳುತ್ತ ಹೋದಳು, ಗುಬ್ಬಿ ಒತ್ತುತ್ತ ಹೋದಳು, ರಕ್ತವೂ ತಗ್ಗಿತು. ಆದರೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ಬಾಣಂತಿ ತೀರಿಕೊಂಡಳು. ಮಗು ಉಳಿಯಿತು.

ಸಾವಿನ ವಿಚಾರಣಾ ಸಮಿತಿ ಆ ದಿನದ ರೆಕಾರ್ಡಿಂಗ್ ಕಳಿಸುವಂತೆ ಕೇಳಿತು. ಕಳಿಸುವ ಮೊದಲು ದೊಡ್ಡಕ್ಕ ಒಬ್ಬಳೇ ಕೂತು ನೋಡಿದಳು.

ಪರದೆಯ ಮೇಲೆ ಖಾಲಿ ಕುರ್ಚಿ. "ಅಕ್ಕಾ, ರಕ್ತ ನಿಲ್ತಿಲ್ಲ. ಡಾಕ್ಟ್ರು ದಾರೀಲಿದಾರೆ. ಕೈ ಹಾಕಿ ಒತ್ಲಾ, ಕಾಯ್ಲಾ?" ಉತ್ತರವಾಗಿ ದೂರದಿಂದ ಅವಳದೇ ದನಿ, ನಗುನಗುತ್ತ: "ಇಡೀ ಜಿಲ್ಲೆ ಅಳೆದ ಸರ್ವೇಯರ್‌ಗೆ ಮೂರು ಕೋಣೇಲಿ ಕನ್ನಡಕ ಸಿಗಲ್ವಂತೆ." ಆಮೇಲೆ ಯಜಮಾನರು: "ಹೇಗೂ ಎದ್ದಿದೀಯಲ್ಲ, ಹಾಗೇ ಒಂದ್ಲೋಟ ಟೀ." ಒಲೆ ಹತ್ತಿಸಿದ ಸದ್ದು.

"ಅಕ್ಕಾ, ಒತ್ಲಾ?"

"ಸಕ್ಕರೆ ಹಾಕ್ಲಾ?"

ಹೀಗೆ ನಾಲ್ಕು ನಿಮಿಷ.

ಅಂದಿನಿಂದ ಅವಳಿಗೆ ಆ ಕೂಗು ಹಗಲಲ್ಲೇ ಕೇಳತೊಡಗಿತು. ನಲ್ಲಿ ಬಿಟ್ಟರೆ ನೀರಿನೊಳಗೆ, ಮಿಕ್ಸಿ ನಿಂತ ಮರುಕ್ಷಣದ ಮೌನದಲ್ಲಿ. ಒದ್ದೆ ಕೈಯಲ್ಲೇ ತಿರುಗಿ ನೋಡುವಳು. ಆ ನಾಲ್ಕು ನಿಮಿಷ ಮುಂಚೆ ಒತ್ತಿದ್ದರೆ ಬಾಣಂತಿ ಬದುಕುತ್ತಿದ್ದಳೇ ಎಂದು ಪರಿಚಯದ ಡಾಕ್ಟರನ್ನು ಕೇಳಿದಳು. ಹೇಳೋಕಾಗಲ್ಲ ಅಂದರು. ಬದುಕುತ್ತಿದ್ದಳು ಅಂದಿದ್ದರೆ ಅತ್ತು ಮುಗಿಸಬಹುದಿತ್ತು. ಈ ಹೇಳೋಕಾಗದ್ದು ಮನೆಯೊಳಗೆ ಬಂದು ಬೀಡುಬಿಟ್ಟಿತು.

ಗುಬ್ಬಿಯೇ ಫೋನು ಮಾಡಿದಳು. "ಅಕ್ಕ, ಆ ನಾಲ್ಕು ನಿಮಿಷ ಕತ್ತರಿಸಿಬಿಡಿ. ನಿಮ್ಮನ್ನ ಕೇಳ್ಲೇ ಇಲ್ಲ ಅಂತೀನಿ."

"ಆಗ ತಡ ಮಾಡಿದ್ಯಾರು ಅಂತ ಬರೀತಾರೆ?"

"ನಾನು ಅಂತ. ಕೆಲ್ಸ ಹೋದ್ರೆ ಇನ್ನೊಂದು ಸಿಗತ್ತೆ ಬಿಡಿ." ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂದು ದೊಡ್ಡಕ್ಕನಿಗೆ ಗೊತ್ತಿತ್ತು.

ಯಜಮಾನರೂ ಕತ್ತರಿಸು ಅಂದರು. ಅವರ ಚಿಂತೆ ಬೇರೆ. ಮನೆಯೊಳಗಿನ ಮಾತು, ತನ್ನ ಟೀ, ತನ್ನ ಕನ್ನಡಕ ಎಲ್ಲ ಕಂಡವರ ಕಿವಿಗೆ ಬೀಳಬೇಕೇ, ಜನ ತನ್ನನ್ನು ಏನೆಂದುಕೊಂಡಾರು ಎಂದು ಎರಡು ದಿನ ಗೊಣಗಿದರು. ದೊಡ್ಡಕ್ಕ ಅವರ ತಟ್ಟೆಗೆ ಬಡಿಸುತ್ತಲೇ ಹೇಳಿದಳು: "ನಿಮ್ಮನ್ನ ಯಾರೂ ಏನೂ ಅನ್ನಲ್ಲ ಕಣ್ರೀ. ಹೆಂಡ್ತೀನ ಟೀ ಕೇಳೋದು ತಪ್ಪು ಅಂತ ಯಾವ ಫಾರ್ಮಲ್ಲೂ ಬರೆದಿಲ್ಲ."

ಸಮಿತಿ ಕಳಿಸಿದ ಫಾರ್ಮಿನಲ್ಲಿ ನಿಜಕ್ಕೂ ಇರಲಿಲ್ಲ. 'ಮಾರ್ಗದರ್ಶಕರು ಗೈರಾಗಿದ್ದರೆ ಕಾರಣ' ಎಂಬಲ್ಲಿ ವಿದ್ಯುತ್ ಇತ್ತು, ನೆಟ್‌ವರ್ಕ್ ಇತ್ತು, ಅನಾರೋಗ್ಯ ಇತ್ತು. ಕೊನೆಗೆ 'ಇತರೆ'. ದೊಡ್ಡಕ್ಕ ಅದಕ್ಕೆ ಗುರುತು ಹಾಕಿ, ಮುಂದೆ "ಮನೆಯಲ್ಲಿ ಕರೆದರು, ಹೋದೆ" ಎಂದು ಬರೆದಳು. ಒಂದು ಸೆಕೆಂಡನ್ನೂ ಕತ್ತರಿಸದೆ ರೆಕಾರ್ಡಿಂಗ್ ಕಳಿಸಿದಳು.

ಗುಬ್ಬಿಯ ಕೆಲಸ ಉಳಿಯಿತು. ಗುಂಪನ್ನು ಬೇರೊಬ್ಬರಿಗೆ ವಹಿಸಿ, ದೊಡ್ಡಕ್ಕನ ಸೇವೆಗೆ ಧನ್ಯವಾದ ಹೇಳುವ ಎರಡು ಸಾಲಿನ ಪತ್ರ ಬಂತು.

ಮರು ಮಂಗಳವಾರ ಎರಡು ಗಂಟೆಗೆ ಅವಳು ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತಳು. ಒಳಗಿನಿಂದ ಯಜಮಾನರು ಕರೆದರು. ಮತ್ತೊಮ್ಮೆ ಕರೆದರು. ಸ್ವಲ್ಪ ಹೊತ್ತಿಗೆ ಅವರೇ ಎದ್ದು ಅಡುಗೆಮನೆಯಲ್ಲಿ ಪಾತ್ರೆ ತಡಕಾಡುವ ಸದ್ದಾಯಿತು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದರು. ದೊಡ್ಡಕ್ಕ ನಾಲ್ಕು ಹೊಡೆಯುವವರೆಗೂ ಕುರ್ಚಿ ಬಿಟ್ಟು ಏಳದೆ, 'ಅಕ್ಕಾ' ಎನ್ನುವ ಇನ್ನೊಂದು ದನಿಗೆ ಕಿವಿಗೊಟ್ಟು ಕೂತಿದ್ದಳು.